ಖಾಲಿ ಫ್ಲಾಶ್

ಅವ್ವನ ವರ್ಷದ ಪೂಜೆಗೆ ಇನ್ನು ಆರು ವಾರ ಇದೆ ಎನ್ನುವಾಗ, ಬೆಳಗಿನ ತಿಂಡಿಗೆ ಕೂತ ಸಂಗಮೇಶ ಗೋಡೆಯ ಕಡೆ ನೋಡಿ, "ಆ ಫೋಟೋ ತೆಗೀಬೇಕು. ಪೂಜೆಗೆ ಅದನ್ನ ಇಡಾದು ಬ್ಯಾಡ," ಎಂದ.

ಗೋಡೆಯ ಮೇಲಿದ್ದದ್ದು ಆಧಾರ್ ಕಾರ್ಡಿಗೆಂದು ತೆಗೆದದ್ದನ್ನು ದೊಡ್ಡದು ಮಾಡಿಸಿದ ಫೋಟೋ. ಅವನ ಅವ್ವ ತಿಪ್ಪೇರುದ್ರಮ್ಮನಿಗೆ ಲಕ್ವ ಹೊಡೆದ ಮೇಲಿನದು. ಬಾಯಿ ಎಡಕ್ಕೆ ಜರುಗಿತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು. ದೊಡ್ಡದು ಮಾಡುವಾಗ ಅಂಗಡಿಯವನು ಮುಖವನ್ನು ಬೆಳ್ಳಗೆ ಮಾಡಿ, ಹಿಂದೆ ನೀಲಿ ಬಣ್ಣ ಹಾಕಿದ್ದ. ಯಾರದೋ ಮನೆಯ ಹೆಂಗಸಿನ ಹಾಗೆ ಕಾಣುತ್ತಿದ್ದಳು.

"ನನ್ನ ಫೋನಲ್ಲಿ ಅಜ್ಜಿ ಫೋಟೋ ಬೇಕಾದಷ್ಟು ಐದಾವೆ," ಎಂದಳು ಮಗಳು ಶಿಲ್ಪಾ.

"ಎಲ್ಲಾ ಮಂಚದ ಮ್ಯಾಲಿನವೇ. ಅವ್ವ ಅವ್ವನಂಗೆ ಇದ್ದಾಗಿನದು ಬೇಕು ನಂಗೆ."

ಹಾಗಿದ್ದಾಗಿನ ಫೋಟೋ ಮನೆಯಲ್ಲಿ ಇರಲಿಲ್ಲ. ಮದುವೆಯ ಸ್ಟುಡಿಯೋ ಫೋಟೋವನ್ನು ಹಳೆಯ ಬಾಡಿಗೆ ಮನೆಯ ಗೆದ್ದಲು ತಿಂದಿತ್ತು. ಸಂಗಮೇಶನ ಮದುವೆಯ ಆಲ್ಬಂನಲ್ಲಿ ಎರಡು ಕಡೆ ಸಿಕ್ಕಿದ್ದಳು. ಒಂದರಲ್ಲಿ ಮುಖಕ್ಕೆ ಯಾರದೋ ಕೈ ಅಡ್ಡ ಬಂದಿತ್ತು, ಇನ್ನೊಂದರಲ್ಲಿ ಎಲೆಗೆ ಅನ್ನ ಬಡಿಸುತ್ತ ಬಗ್ಗಿದ್ದಳು.

ಸಂಗಮೇಶನ ಹೆಂಡತಿ ಗಂಗಾಂಬಿಕಾ ಮಾವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ, "ಎಂಟು ವರ್ಷ ನಾನೇ ಅತ್ತೆ ಮುಖ ತೊಳೆಸಿದೀನಿ. ಅದಕ್ಕೂ ಮುಂಚೆ ಹೆಂಗಿದ್ರು ಅಂತ ನೆನಸ್ಕೊಂಡ್ರೆ ಈಗ ನೆನಪಿಗೇ ಬರಲ್ಲ. ಮಾವ, ನಿಮ್ಮ ಫಿಲಂ ಡಬ್ಬಿಗಳಲ್ಲಿ ಇರ್ಬೇಕಲ್ಲ?" ಎಂದಳು.

"ಇರ್ಲೇಬೇಕು," ಎಂದ ಸಂಗಮೇಶ. "ಪ್ರತಿ ದೀಪಾವಳಿಗೆ ನನ್ನನ್ನೂ ಅವ್ವನ್ನೂ ಬಾಗಿಲ ಮುಂದೆ ನಿಲ್ಸಿ ತೆಗೀತಿದ್ದೆಯಲ್ಲಪ್ಪ. ಮೊಳಕಾಲ್ಮೂರಿನಾಗೆ ಇದ್ದಾಗ. ಆಮ್ಯಾಲೆ ಇಲ್ಲಿ ಚಳ್ಳಕೆರೆಗೆ ಬಂದ ಮ್ಯಾಲೂ. ಕೇಳಿದಾಗೆಲ್ಲಾ ಆಫೀಸ್ನಲ್ಲಿ ಐತೆ, ಆಫೀಸ್ನಲ್ಲಿ ಐತೆ ಅಂತಿದ್ದೆ. ನೆಗೆಟಿವ್ ಆದ್ರೂ ಇರ್ತಾವಲ್ಲ?"

ಅವನ ಅಪ್ಪ ಬೊಮ್ಮಲಿಂಗಪ್ಪ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಅದ್ದಿದರು. ಅವರಿಗೆ ಎಪ್ಪತ್ತೈದು. ಜಿಲ್ಲೆಯ ಒಂದು ದಿನಪತ್ರಿಕೆಗೆ ಇಪ್ಪತ್ತೆಂಟು ವರ್ಷ ಫೋಟೋ ತೆಗೆದವರು. ಆ ನೆಗೆಟಿವ್‌ಗಳು ಇಲ್ಲ ಎಂಬುದು ಆ ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

"ನೋಡ್ಬೇಕು," ಎಂದರು. "ಬಹಳ ಐದಾವೆ. ಹುಡುಕ್ಬೇಕು."

"ನಾನು ಹುಡುಕ್ತೀನಿ ತಾತ," ಎಂದಳು ಶಿಲ್ಪಾ. "ಮಧ್ಯಾಹ್ನ ಎರಡಕ್ಕೆ ಕಾಲೇಜು ಬಿಡ್ತೈತೆ. ಬಂದು ಇಬ್ರೂ ಕೂತ್ಕಳಾಣ."

ಇಲ್ಲ ಎಂದು ಹೇಳಿಬಿಡಲು ಅದೊಂದು ಗಳಿಗೆ ಇತ್ತು. ಅವರು ನೀರು ಕುಡಿದು ಎದ್ದರು.

ತಿಪ್ಪೇರುದ್ರಮ್ಮ ಹೋದ ಮೇಲೆ ಹಗಲು ಹೊತ್ತು ಆ ಮನೆಯಲ್ಲಿ ಬೊಮ್ಮಲಿಂಗಪ್ಪನವರನ್ನು ಬಿಟ್ಟು ಯಾರೂ ಇರುತ್ತಿರಲಿಲ್ಲ. ಸಂಗಮೇಶ ಎಂಟಕ್ಕೆಲ್ಲ ತನ್ನ ಹತ್ತಿಬೀಜ, ಹಿಂಡಿಯ ಅಂಗಡಿಗೆ ಹೋಗುತ್ತಿದ್ದ. ಗಂಗಾಂಬಿಕಾ ಅಂಗನವಾಡಿಗೆ ಹೊರಡುತ್ತಿದ್ದಳು. ಶಿಲ್ಪಾ ಕಾಲೇಜು ಬಿಟ್ಟರೂ ಗೆಳತಿಯರ ಜೊತೆಗಿದ್ದು ಸಂಜೆಗೇ ಬರುತ್ತಿದ್ದಳು. ಮೊದಲಾದರೆ ಹೆಂಡತಿಗೆ ಮಗ್ಗುಲು ಬದಲಾಯಿಸುವುದು, ಗಂಜಿ ಕುಡಿಸುವುದು, ಅವಳು ಗೊಣಗಿದ್ದು ಏನೆಂದು ಎರಡೆರಡು ಸಲ ಕೇಳುವುದು ಇತ್ತು. ಈಗ ಒಂದು ಗಂಟೆಗೆ ಮುಚ್ಚಿಟ್ಟ ತಟ್ಟೆ ತೆಗೆದು ಆರಿದ ಮುದ್ದೆ ಉಂಡು, ತಟ್ಟೆ ತೊಳೆದಿಟ್ಟು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರೆ ನಾಲ್ಕೂವರೆಯವರೆಗೆ ಒಂದು ಮಾತು ಆಡಲು ಜನವಿರಲಿಲ್ಲ. ಎಷ್ಟೋ ದಿನ ಸಂಜೆ ಸೊಸೆ ಬಂದು ಏನಾದರೂ ಕೇಳಿದಾಗ ಗಂಟಲು ಕೆಮ್ಮಿ ಸರಿಮಾಡಿಕೊಂಡೇ ಉತ್ತರ ಕೊಡಬೇಕಾಗುತ್ತಿತ್ತು.

ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಡಬ್ಬಿಗಳಿದ್ದವು. ಶಿಲ್ಪಾ ಬಾಗಿಲು ತೆಗೆದಾಗ ಹುಳಿ ವಾಸನೆ ಮೂಗಿಗೆ ಬಡಿಯಿತು.

"ಹಳೇ ಫಿಲಂ ಹಾಳಾಗುವಾಗ ಹಿಂಗೇ ವಾಸ್ನೆ ಬರ್ತೈತೆ," ಎಂದರು ಅಜ್ಜ.

"ಅವ್ವ ದಿನಾ ಬೈತಾಳೆ ತಾತ. ಈ ಹುಳಿ ವಾಸ್ನೆ ಇದ್ರೆ ಸಾರಿಗೆ ಹುಣಸೆಹಣ್ಣೇ ಬ್ಯಾಡ ಅಂತಾಳೆ."

ಅವಳು ಫೋನಿನ ಬೆಳಕಿನ ಮೇಲೆ ಬಿಳಿ ಪ್ಲಾಸ್ಟಿಕ್ ಹಾಳೆ ಇಟ್ಟು, ಅದರ ಮೇಲೆ ನೆಗೆಟಿವ್ ಹಾಸಿ, ಅಪ್ಪನ ಹಳೆಯ ಫೋನಿನಲ್ಲಿ ಫೋಟೋ ತೆಗೆದು ಕಪ್ಪನ್ನು ಬಿಳುಪು ಮಾಡುವುದನ್ನು ಎಲ್ಲೋ ನೋಡಿ ಕಲಿತಿದ್ದಳು. ಮೊದಲ ದಿನ ಮೂಡಿ ಬಂದದ್ದು ವರವು ಕಾವಲಿನಲ್ಲಿ ಮೇಯುತ್ತಿದ್ದ ಅಮೃತಮಹಲ್ ಹೋರಿಗಳು. ಬೆಳಗಿನ ಬಿಸಿಲಿಗೆ ಕೊಂಬುಗಳು ಹೊಳೆಯುತ್ತಿದ್ದವು.

"ಅಬ್ಬಾ! ಇದನ್ನ ನೀನು ತೆಗೆದಿದ್ದಾ?"

"ಎರಡೇ ಹೊಡೆತ. ಒಂದು ಇದು. ಇನ್ನೊಂದ್ರಾಗೆ ಹೋರಿ ಬಾಲ ಎತ್ತಿತ್ತು. ಪೇಪರಿನೋರು ಅದನ್ನ ಹಾಕ್ಲಿಲ್ಲ."

ಶಿಲ್ಪಾ ನಕ್ಕಳು. ಆ ಕೋಣೆಯಲ್ಲಿ ಬಹಳ ದಿನಕ್ಕೆ ಯಾರೋ ನಕ್ಕಿದ್ದು.

"ಎರಡೇ ಯಾಕೆ? ನಾವು ಒಂದು ನಾಯಿಮರಿಗೆ ನಲವತ್ತು ತೆಗಿತೀವಿ."

ಅವರು ಗೋಣಿಚೀಲದ ಕೆಳಗಿನಿಂದ ಅಂಗೈಯಗಲದ ಒಂದು ತಗಡಿನ ಡಬ್ಬಿ ತೆಗೆದು ತೋರಿಸಿದರು. "ಇದ್ರಾಗೆ ನೂರು ಅಡಿ ಫಿಲಂ ಇರ್ತಿತ್ತು. ಹಗ್ಗದಂಗೆ ಒಂದೇ ಸಮ ಉದ್ದ. ಅಂಗಡಿ ರೀಲು ತಗಂಡ್ರೆ ಪೇಪರಿನೋರಿಗೆ ಪೂರೈಸ್ತಿರಲಿಲ್ಲ. ಅದಕ್ಕೆ ಸಗಟು ತರ್ಸಿ ನಮಗೆ ಹಂಚೋರು. ವರ್ಷಕ್ಕೆ ಎರಡು ಡಬ್ಬಿ, ಅದಕ್ಕೇ ಒಂದು ಸುದ್ದಿಗೆ ಎರಡೇ ಹೊಡೆತ. ಒಂದ್ರಾಗೆ ಹದಿನೆಂಟು ಹತ್ತೊಂಬತ್ತು ಸುರುಳಿ ಮಾಡ್ಕೊಬೇಕು. ಕೋಣೆ ಕತ್ತಲೆ ಮಾಡಿ, ಬಾಗಿಲಿಗೆ ಚಳ್ಳಕೆರೆ ಕಂಬಳಿ ಹೊಚ್ಚಿ, ಕೈಯಳತೆ ಮ್ಯಾಲೆ ಕತ್ತರಿಸ್ಬೇಕು. ಗೋಡೆಗೆ ಎರಡು ಮೊಳೆ ಹೊಡೆದಿದ್ದೆ. ಈ ಮೊಳೆಯಿಂದ ಆ ಮೊಳೆಗೆ ಒಂದು ಸುರುಳಿ."

"ಕತ್ತಲಲ್ಲಿ ಒಬ್ನೇನಾ?"

"ನಿಮ್ಮಜ್ಜಿ ಇನ್ನೊಂದು ತುದಿ ಹಿಡ್ಕೊಳ್ಳೋಳು. ನೆಲಕ್ಕೆ ತಾಗಿದ್ರೆ ಧೂಳು, ಧೂಳು ಕೂತ್ರೆ ಗೀರು. ಅವಳ ಕೈ ನನ್ನ ಕೈಗಿಂತ ನಾಜೂಕಿತ್ತು. ಕೊನೆಕೊನೆಗೆ ಕತ್ತರಿ ಅವಳೇ ಹಾಕೋಳು. ಗಾಯಕ್ಕೆ ಹಚ್ಚೋ ಆಸ್ಪತ್ರೆ ಅಂಟುಪಟ್ಟೀಲಿ ಫಿಲಂ ತುದೀನ ಸುರುಳಿಯ ಕಡ್ಡಿಗೆ ಅಂಟ್ಸೋಳು."

ಆ ದಿನದಿಂದ ಮಧ್ಯಾಹ್ನಗಳು ಬೇರೆಯಾದವು. ಅವರು ಮುದ್ದೆಯನ್ನು ಒಂದಕ್ಕೆ ಉಣ್ಣುವುದು ಬಿಟ್ಟು ಮೊಮ್ಮಗಳಿಗಾಗಿ ಎರಡೂವರೆಯವರೆಗೆ ಕಾದರು. ಒಲೆಯ ಮೇಲೆ ಸಾರು ಬಿಸಿ ಮಾಡಿಡುವುದನ್ನು ಕಲಿತರು. ಅವಳು ಬಂದು ಕೈತೊಳೆದು ಕೂತರೆ ಇಬ್ಬರೂ ಉಂಡು ಕೋಣೆಗೆ ಹೋಗುವರು. ಬಸ್ಸು ಉರುಳಿದ ಸೇತುವೆ, ಜಟಿಂಗ ರಾಮೇಶ್ವರದ ಮೆಟ್ಟಿಲು ಹತ್ತುವ ಮುದುಕಿಯರು, ಬ್ರಹ್ಮಗಿರಿಯ ಬಂಡೆಶಾಸನಕ್ಕೆ ಹಾಳೆ ಒತ್ತಿ ಅಚ್ಚು ತೆಗೆಯುತ್ತಿದ್ದ ವಿದ್ವಾಂಸರು, ಎಣ್ಣೆ ಮಿಲ್ಲಿನ ಮುಂದೆ ಶೇಂಗಾ ಗಾಡಿಗಳ ಸಾಲು ಒಂದೊಂದಾಗಿ ಫೋನಿನಲ್ಲಿ ಮೂಡುತ್ತಿದ್ದವು. ಪ್ರತಿಯೊಂದಕ್ಕೂ ಅವರ ಬಳಿ ಒಂದು ಸಂಗತಿ ಇತ್ತು. ಹತ್ತು ತಿಂಗಳಲ್ಲಿ ಆಡದ ಮಾತನ್ನು ಹತ್ತು ದಿನದಲ್ಲಿ ಆಡಿದರು.

ಸಂಜೆ ಸಂಗಮೇಶ ಬಂದ ಕೂಡಲೇ ಕೇಳುವನು: "ಸಿಕ್ತೇನಮ್ಮಾ?"

"ಇಲ್ಲಪ್ಪ. ಎಂಬತ್ನಾಲ್ಕು ಮುಗೀತು. ನಾಳೆ ಎಂಬತ್ತೈದು."

"ಸಿಕ್ಕೇ ಸಿಕ್ತೈತೆ ಬಿಡು. ನಂಗೆ ಚೆನ್ನಾಗಿ ನೆನಪೈತೆ, ಫ್ಲಾಶ್ ಹೊಡೆದ್ರೆ ಕಣ್ಣು ಚುಚ್ಚಂಗೆ ಆಗ್ತಿತ್ತು."

ಬೊಮ್ಮಲಿಂಗಪ್ಪ ಆಗ ಎದ್ದು ಹಿತ್ತಿಲಿಗೆ ಹೋಗಿ ಗಿಡಕ್ಕೆ ನೀರು ಹಾಕುವರು. ನಾಳೆ ಹೇಳಿದರಾಯಿತು ಎಂದುಕೊಳ್ಳುವರು. ಹೇಳಿದ ಮರುದಿನ ಮಧ್ಯಾಹ್ನ ಮೊಮ್ಮಗಳು ಬಂದು ಕೂರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಮೂರನೆಯ ವಾರ ಒಬ್ಬ ಮುಖಂಡನ ಸನ್ಮಾನದ ಚಿತ್ರ ಬಂತು. ಹಾರದೊಳಗೆ ಮುಖ ಮಾತ್ರ ಕಾಣುತ್ತಿತ್ತು. ಅದನ್ನು ನೋಡಿ ಅವರಿಗೆ ನಗು ಬಂತು.

"ಈ ಮಾರಾಯ ಒಂದು ಸಭೆಗೆ ಇಪ್ಪತ್ತು ಸಲ ತೆಗಿ ಅನ್ನೋನು. ಹಾರ ಹಾಕಿದಾಗ ತೆಗಿ, ದೀಪ ಹಚ್ಚಿದಾಗ ತೆಗಿ. ಇರೋದು ಎರಡು ಹೊಡೆತ. ನಾವೇನು ಮಾಡ್ತಿದ್ವಿ ಗೊತ್ತಾ? ಇನ್ನೊಂದು ಕ್ಯಾಮರಾ ಇಟ್ಕೊಂಡಿರ್ತಿದ್ವಿ, ಫಿಲಂ ಇಲ್ಲದ್ದು. ಫ್ಲಾಶ್ ಮಾತ್ರ ಹೊಡೆಯೋದು. ಖಾಲಿ ಫ್ಲಾಶ್! ಅವನೂ ಖುಷಿ, ನಮ್ಮ ಫಿಲಮೂ ಉಳೀತು."

ಶಿಲ್ಪಾ ಬಿದ್ದು ಬಿದ್ದು ನಕ್ಕಳು. ಕಾಲೇಜಿನ ಗೆಳತಿಯರಿಗೂ ಹೇಳಿದಳು.

ಎರಡು ದಿನ ಬಿಟ್ಟು ಅವಳು ಇನ್ನೊಂದು ಕೇಳಿದಳು. "ತಾತ, ಪ್ರತಿ ಸುರುಳೀಲೂ ಕೊನೇ ಒಂದು ಚೌಕ ಖಾಲಿ ಐತಲ್ಲ? ಗಾಜಿನಂಗೆ ಬರೀ ಬೆಳ್ಳಗೆ ಐತೆ. ಹಾಳಾಗಿದಾವಾ?"

"ಹಾಳಾಗಿಲ್ಲ. ತೆಗೆದಿಲ್ಲ. ಒಂದು ಉಳಿಸ್ಕೊಂಡೇ ವಾಪಸ್ ಬರ್ಬೇಕು ಅನ್ನೋದು ನಮ್ಮ ಅಭ್ಯಾಸ. ದಾರೀಲಿ ಲಾರಿ ಗುದ್ದಿದ್ರೆ, ಬೆಂಕಿ ಬಿದ್ದಿದ್ರೆ ಏನು ಮಾಡ್ತೀಯಾ? ಏನೂ ಆಗ್ದಿದ್ರೆ ಹಂಗೇ ತೊಳೆಯೋದು. ಸಂಜೆ ಬಸ್ಸಿಗೆ ಫೋಟೋ ಕಳಿಸ್ಬೇಕಲ್ಲ, ತಡ ಮಾಡಂಗಿಲ್ಲ."

ಅವಳು ನೆಗೆಟಿವ್ ಪಟ್ಟಿಗಳನ್ನು ಒಂದರ ಪಕ್ಕ ಒಂದು ಜೋಡಿಸಿದಳು. ಎಲ್ಲದರ ಕೊನೆಯಲ್ಲೂ ಒಂದೊಂದು ಬಿಳಿ ಚೌಕ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಜ್ಜನ ಕಡೆ ತಿರುಗಿ, "ದೀಪಾವಳೀದು ಒಂದೂ ಇಲ್ಲ ತಾತ. ತೊಂಬತ್ತರ ತನಕ ಬಂದ್ವಿ," ಎಂದಳು.

ಅವರು ಒಂದು ನೆಗೆಟಿವ್ ಪಟ್ಟಿ ಎತ್ತಿ ಬೆಳಕಿಗೆ ಹಿಡಿದರು.

"ಮನೇಲೂ ಖಾಲೀನೇ ಹೊಡೀತಿದ್ದಾ?"

"ಹೂಂ."

"ಪ್ರತಿ ವರ್ಷಾನಾ?"

"ಡಬ್ಬಿ ಆಫೀಸಿಂದು ಕಣಮ್ಮಾ. ಹಬ್ಬದ ದಿನ ನಿಮ್ಮಪ್ಪ ಹೊಸ ಅಂಗಿ ಹಾಕ್ಕೊಂಡು ತೆಗಿ ತೆಗಿ ಅಂತ ಕಾಲು ಹಿಡ್ಕೊಳ್ಳೋನು. ಅಳಿಸ್ಬಾರ್ದು ಅಂತ... ಮುಂದಿನ ವರ್ಷ ನಿಜವಾಗ್ಲೂ ತೆಗೆದ್ರಾಯ್ತು ಅಂತ..."

ಅಡುಗೆಮನೆಯಲ್ಲಿ ಬಟ್ಟಲು ಕೆಳಗಿಟ್ಟ ಸದ್ದಾಯಿತು. ಆ ದಿನ ಅಂಗನವಾಡಿ ಬೇಗ ಮುಗಿದಿತ್ತು. ಗಂಗಾಂಬಿಕಾ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಬಾಗಿಲಿಗೆ ಬಂದು ನಿಂತಳು.

"ಮತ್ತೆ ಮೂರು ವಾರದಿಂದ ಈ ಹುಡುಗಿ ಏನು ಹುಡುಕ್ತಿದಾಳೆ ಮಾವ?"

ಬೊಮ್ಮಲಿಂಗಪ್ಪ ಪಟ್ಟಿಗಳನ್ನು ಕೂಡಿಸಿ ಡಬ್ಬಿಗೆ ಹಾಕತೊಡಗಿದರು.

ಸಂಜೆ ಊಟಕ್ಕೆ ಕೂತಾಗ ಗಂಗಾಂಬಿಕಾಳೇ ಗಂಡನಿಗೆ ಹೇಳಿದಳು. ಸಂಗಮೇಶ ಮೊದಲು ನಂಬಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟ.

"ಅಪ್ಪ, ಸುಳ್ಳು ಅಲ್ವಾ ಇದು?"

"ನಿಜ."

"ಹದಿನಾಲ್ಕು ವರ್ಷ? ಒಂದಾದ್ರೂ ಇಲ್ವಾ?"

"ಇಲ್ಲ."

"ಊರಾಗಿನ ಹೆಣ, ಹೋರಿ, ಕಲ್ಲು ಎಲ್ಲಾದಕ್ಕೂ ಫಿಲಂ ಇತ್ತು. ಅವ್ವಂಗೆ ಇರಲಿಲ್ಲ?"

"ಆಫೀಸಿನದ್ದನ್ನ ಮನೆಗೆ ಹೆಂಗೆ ಬಳಸ್ಲಿ? ನಂಬಿ ಕೊಟ್ಟಿದ್ರು."

"ಅಂಗಡೀಲಿ ಒಂದು ರೀಲು ತರಬಹುದಿತ್ತಲ್ಲ? ಹೋಗ್ಲಿ, ಪ್ರತಿ ಸುರುಳೀಲೂ ಒಂದು ಉಳಿಸ್ಕೊಂಡು ಮನೆಗೆ ಬರ್ತಿದ್ಯಂತೆ. ಶಿಲ್ಪಾ ಹೇಳಿದ್ಲು. ಅವ್ವ ಇಲ್ಲೇ ನೀರು ಸೇದ್ತಾ ನಿಂತಿರ್ತಿದ್ಲು. ಆ ಉಳಿದ ಒಂದನ್ನ ಅವ್ವನ ಕಡೆ ತಿರುಗಿಸಿ ಹೊಡೆಯಾಕೆ ಏನಾಗಿತ್ತು?"

ಬೊಮ್ಮಲಿಂಗಪ್ಪ ತಟ್ಟೆಯ ಅಂಚನ್ನು ಹಿಡಿದು ಕೂತಿದ್ದರು. "ಹೊಳೀಲಿಲ್ಲ," ಎಂದರು.

"ಹೊಳೀಲಿಲ್ಲ!"

"ಬೈಬೇಡ್ರಿ, ಉಣ್ಣೋ ಹೊತ್ತಲ್ಲಿ," ಎಂದಳು ಗಂಗಾಂಬಿಕಾ.

"ಇಲ್ಲ, ನಂಗೆ ಹೇಳ್ಲಿ. ನಾನು ಚಿಕ್ಕೋನು, ಆಫೀಸಿಂದ ಫೋಟೋ ಬರ್ತೈತೆ ಅಂತ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಹತ್ರ ಕೇಳ್ತಿದ್ದೆ. ಒಂದಿನ ಅಲ್ಲ, ಎಷ್ಟೋ ದಿನ. ಆಗ್ಲಾದ್ರೂ ಹೇಳ್ಬಹುದಿತ್ತು. ಹೋಗ್ಲಿ ಅಂದ್ರೆ ಈಗ್ಲೂ ನಮ್ಮನ್ನ ಮೂರು ವಾರ ಆಟ ಆಡ್ಸಿದೆ."

ಸಂಗಮೇಶ ಕೈತೊಳೆದು ಎದ್ದು ಹೋದ.

ಮರುದಿನದಿಂದ ಮನೆಯಲ್ಲಿ ಜಗಳವಿರಲಿಲ್ಲ. ಜಗಳವಿದ್ದಿದ್ದರೆ ಒಳ್ಳೆಯದಿತ್ತು. ಸಂಗಮೇಶ ತಿಂಡಿಯನ್ನು ಅಂಗಡಿಗೆ ಕಟ್ಟಿಸಿಕೊಂಡು ಹೋಗತೊಡಗಿದ. ಸಂಜೆ ತಟ್ಟೆ ಹಿಡಿದು ಟಿವಿ ಮುಂದೆ ಕೂತ. ಅಪ್ಪನಿಗೆ ಏನಾದರೂ ಹೇಳಬೇಕಾದರೆ ಹೆಂಡತಿಗೆ ಹೇಳಿದ: "ಅವ್ರ ಬಿಪಿ ಮಾತ್ರೆ ತಂದೀನಿ, ಕೊಡು." ಶಿಲ್ಪಾಳಿಗೆ ಪರೀಕ್ಷೆ ಹತ್ತಿರ ಬಂತು. ಕಾಲೇಜಿನಿಂದ ನೇರ ಗೆಳತಿಯ ಮನೆಗೆ ಓದಲು ಹೋದಳು. ಬೊಮ್ಮಲಿಂಗಪ್ಪ ಮೊದಲೆರಡು ದಿನ ಸಾರು ಬಿಸಿ ಮಾಡಿ ಎರಡೂವರೆಯವರೆಗೆ ಕಾದರು. ಮೂರನೆಯ ದಿನದಿಂದ ಒಂದಕ್ಕೇ ಉಂಡರು.

ಗಂಗಾಂಬಿಕಾ ಒಬ್ಬಳು ಮಾತಾಡುತ್ತಿದ್ದಳು. ಅದೂ ಕೆಲಸದ ಮಾತು. ಒಂದು ಸಂಜೆ ಬಟ್ಟೆ ಮಡಚುತ್ತ, "ಮೊಳಕಾಲ್ಮೂರಿನಾಗೆ ಇದ್ದಾಗ ಅಕ್ಕಪಕ್ಕದೋರ ಮನೇಲಿ ಏನಾದ್ರೂ ಇರಬಹುದಾ ಮಾವ? ಯಾರದಾದ್ರೂ ಮದುವೆ, ನಾಮಕರಣ..." ಎಂದಳು.

ಅವರು ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದರು. ತಳಕು, ಬಿ.ಜಿ.ಕೆರೆ, ಹಾನಗಲ್ ದಾಟಿ ಮೊಳಕಾಲ್ಮೂರಿಗೆ ಬಂದಾಗ ಬಿಸಿಲು ಏರಿತ್ತು. ಒಂಬತ್ತು ವರ್ಷ ಅವರು ಬಾಡಿಗೆಗಿದ್ದದ್ದು ನೇಕಾರರ ಓಬಳಮ್ಮನ ಮನೆಯ ಪಕ್ಕದ ಭಾಗದಲ್ಲಿ. ಮಣ್ಣಿನ ಗೋಡೆ ಹೋಗಿ ಇಟ್ಟಿಗೆ ಬಂದಿತ್ತು. ಒಳಗೆ ಗುಂಡಿಮಗ್ಗದಲ್ಲಿ ಅವಳ ಮಗ ಹೇಮಂತ್ ಕೂತಿದ್ದ. ಬಾಗಿಲ ಬಳಿ ಓಬಳಮ್ಮ ರಾಟೆ ತಿರುಗಿಸುತ್ತ ಕಂಡಿಕೆಯ ಸಣ್ಣ ಕೊಳವೆಗೆ ರೇಷ್ಮೆ ಎಳೆ ಸುತ್ತುತ್ತಿದ್ದಳು. ಎಪ್ಪತ್ತು ದಾಟಿದ್ದರೂ ಕೈ ನಿಂತಿರಲಿಲ್ಲ.

"ಏಮಿ ಅನ್ನಾ, ದಾರಿ ತಪ್ಪಿ ಬಂದ್ರಾ?" ಎಂದಳು ತೆಲುಗು ಬೆರೆಸಿ. ಆಮೇಲೆ ಕಣ್ಣು ಒರೆಸಿಕೊಂಡಳು. "ರುದ್ರಮ್ಮಕ್ಕ ಹೋದ್ದು ಆಮ್ಯಾಕೆ ಗೊತ್ತಾಯ್ತು. ಬರಾಕೆ ಆಗ್ಲಿಲ್ಲ. ಮೊಣಕಾಲು ಏಳಾಕೆ ಬಿಡಲ್ಲ."

ಟೀ ಕುಡಿದ ಮೇಲೆ ಅವರು ಬಂದ ಕಾರಣ ಹೇಳಿದರು. ಓಬಳಮ್ಮ ಮಗನಿಂದ ಟ್ರಂಕು ತೆಗೆಸಿದಳು. ಮದುವೆಯ ಎರಡು ಫೋಟೋ, ಕೈಮಗ್ಗ ಸಂಘದ ಗುಂಪಿನದು ಒಂದು. ಎಲ್ಲಿಯೂ ತಿಪ್ಪೇರುದ್ರಮ್ಮ ಇರಲಿಲ್ಲ.

"ನಿಮ್ಮನೇಲೇ ಇರ್ಬೇಕಲ್ಲ ಅಣ್ಣಾ," ಎಂದ ಹೇಮಂತ್. "ದೀಪಾವಳಿಗೆ ತೆಗೀತಿದ್ರಿ. ನಾನೂ ಸಂಗಮೇಶನ ಪಕ್ಕ ನುಗ್ಗಿ ನಿಂತಿದ್ದೆ ಒಂದ್ಸಲ."

ಬೊಮ್ಮಲಿಂಗಪ್ಪ ಬಗ್ಗಿ ಲೋಟ ಕೆಳಗಿಟ್ಟರು. "ಅದ್ರಾಗೆ ಫಿಲಂ ಇರಲಿಲ್ಲಪ್ಪ."

ಹೇಮಂತ್ ಟ್ರಂಕು ಮುಚ್ಚಿ ಒಳಗಿಟ್ಟ. ಮಗ್ಗಕ್ಕೆ ಇಳಿದ. ಓಬಳಮ್ಮ ಮಾತ್ರ ರಾಟೆ ನಿಲ್ಲಿಸದೆ, "ಅದು ಅಕ್ಕಂಗೆ ಗೊತ್ತಿತ್ತಲ್ಲ," ಎಂದಳು.

"ಏನು ಗೊತ್ತಿತ್ತು?"

"ಫಿಲಂ ಇಲ್ಲ ಅಂತ. ಮೊದಲ್ನೇ ವರ್ಷನೇ ಗೊತ್ತಾಯ್ತು. ಸುರುಳಿ ಎಲ್ಲಾ ಕತ್ತರಿಸಿ ಕಟ್ಟೋಳು ಅವಳು, ಅವಳಿಗೆ ಗೊತ್ತಾಗಲ್ವಾ? ಫಿಲಂ ಇದ್ರೆ ನೀವು ಕ್ಯಾಮರಾದ ಬಲಗಡೆ ಕಡ್ಡಿ ಎಳೆದಾಗ ಎಡಗಡೆ ಗುಂಡಿ ತಿರುಗ್ತೈತಂತೆ, ಈ ನಮ್ಮ ಕಂಡಿಕೆ ತಿರುಗಿದಂಗೆ. ಹಬ್ಬದ ದಿನ ಅದು ತಿರುಗ್ಲಿಲ್ಲ ಅಂದ್ಲು."

"ನಂಗೆ ಯಾವತ್ತೂ ಹೇಳ್ಲಿಲ್ಲ."

"ನಾನೇ ಬೈದೆ ಅಣ್ಣಾ. ಮತ್ತೆ ಯಾಕಕ್ಕಾ ಪ್ರತಿ ಸಲ ತಲೆ ಬಾಚ್ಕೊಂಡು, ಹೂವು ಮುಡ್ಕೊಂಡು ಸುಮ್ನೆ ನಿಂತ್ಕೊಂತೀಯ ಅಂತ. ನಕ್ಕಳು. ಅಷ್ಟು ಹೊತ್ತಾದ್ರೂ ನನ್ನ ಕಡೆ ನೋಡ್ತಾರಲ್ಲ ಓಬಳಮ್ಮಾ, ವರ್ಷಕ್ಕೊಂದ್ಸಲ, ಅಂದ್ಲು."

ಮಗ್ಗದ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು. ಬೊಮ್ಮಲಿಂಗಪ್ಪ ಬಹಳ ಹೊತ್ತು ಕೂತರು. ಊಟ ಮಾಡಿಕೊಂಡು ಹೋಗಿ ಎಂದು ಓಬಳಮ್ಮ ಎಷ್ಟು ಹೇಳಿದರೂ ಕೇಳದೆ ಎದ್ದರು.

ಮನೆಗೆ ಬಂದಾಗ ಸಂಗಮೇಶ ಅಂಗಳದಲ್ಲಿ ಬೈಕು ಒರೆಸುತ್ತಿದ್ದ. ಇವರು ಅವನ ಪಕ್ಕ ನಿಂತರು.

"ಮೊಳಕಾಲ್ಮೂರಿಗೆ ಹೋಗಿದ್ದೆ."

"ಗೊತ್ತು. ಸಿಕ್ತಾ?"

"ಇಲ್ಲ. ಆದ್ರೆ ಓಬಳಮ್ಮ ಒಂದು ಮಾತು..."

"ಬಿಡಪ್ಪ. ಇಲ್ಲ ಅಂದ್ರೆ ಇಲ್ಲ. ಗೋಡೆ ಮ್ಯಾಲಿನದ್ದಕ್ಕೇ ಹಾರ ಹಾಕ್ತೀನಿ." ಅವನು ಬಕೆಟ್ ಎತ್ತಿಕೊಂಡು ಹಿತ್ತಿಲಿಗೆ ಹೋದ.

ಪೂಜೆಯ ದಿನ ಬೆಳಿಗ್ಗೆ ಸಮಾಧಿಗೆ ಹೋಗಿ ಬಂದರು. ಜಂಗಮರ ಪಾದಪೂಜೆ ಆಯಿತು. ನೀಲಿ ಬಣ್ಣದ ಫೋಟೋವನ್ನು ಮಣೆಯ ಮೇಲಿಟ್ಟು ವಿಭೂತಿ ಹಚ್ಚಿ ಹಾರ ಹಾಕಿದರು. ಗಂಗಾಂಬಿಕಾ ನಸುಕಿನಿಂದ ಹೋಳಿಗೆ ಬೇಯಿಸಿ ಬೆವರಿದ್ದಳು. ಶಿಲ್ಪಾ ಎಲೆ ಹಾಕಿದಳು. ಐವತ್ತು ಜನ ಸೇರಿದ್ದರು. ಬೊಮ್ಮಲಿಂಗಪ್ಪ ಬಂದವರಿಗೆಲ್ಲ ಕೈಮುಗಿದು, ಕೊನೆಗೆ ಕಂಬದ ಪಕ್ಕದ ಕುರ್ಚಿಯಲ್ಲಿ ಕೂತರು. ಅವರ ಅಕ್ಕಪಕ್ಕದ ಕುರ್ಚಿಗಳು ಖಾಲಿಯೇ ಇದ್ದವು.

ಮೊದಲ ಪಂಕ್ತಿಯಲ್ಲಿ ತಿಪ್ಪೇರುದ್ರಮ್ಮನ ತಮ್ಮ ಶಿವಮೂರ್ತಪ್ಪ ಕೂತಿದ್ದರು. ಊರಲ್ಲಿ ಜಮೀನು ನೋಡಿಕೊಂಡಿರುವ, ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳುವ ಮನುಷ್ಯ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಫೋಟೋ ನೋಡಿದರು.

"ಏನಯ್ಯಾ ಸಂಗಮೇಶ, ಇದೇನು ಫೋಟೋ? ನಮ್ಮಕ್ಕ ಅಂತ ಯಾರು ಹೇಳ್ತಾರೆ? ಫೋಟೋಗ್ರಾಫರ್ ಮನೆ ಇದು! ಒಂದು ಒಳ್ಳೇದು ಸಿಗ್ಲಿಲ್ವಾ?"

ಊಟಕ್ಕೆ ಕೂತವರು ತಲೆ ಎತ್ತಿದರು. ಸಂಗಮೇಶ ತುಪ್ಪದ ಪಾತ್ರೆ ಹಿಡಿದು ನಿಂತಿದ್ದ. ಅಪ್ಪನ ಕಡೆ ಒಮ್ಮೆ ನೋಡಿದ. ಆಮೇಲೆ, "ಅವ್ವಂಗೆ ಫೋಟೋ ಅಂದ್ರೆ ಆಗ್ತಿರಲಿಲ್ಲ ಮಾವ. ಅಪ್ಪ ಎಷ್ಟು ಕರೆದ್ರೂ ಬಂದು ನಿಲ್ತಿರಲಿಲ್ಲ. ಒಳಗೆ ಹೋಗಿಬಿಡೋಳು," ಎಂದ.

"ಹಂಗೇ ಇದ್ಲು ಬಿಡು ನಮ್ಮಕ್ಕ. ನಾಚಿಕೆ ಸ್ವಭಾವ," ಎಂದು ಶಿವಮೂರ್ತಪ್ಪ ಒಪ್ಪಿಕೊಂಡು ಹೋಳಿಗೆ ಮುರಿದರು. ಸಂಗಮೇಶ ಮುಂದಿನ ಎಲೆಗೆ ಹೋದ.

ಬೊಮ್ಮಲಿಂಗಪ್ಪ ಕುರ್ಚಿಯಿಂದ ಎದ್ದರು.

"ಸುಳ್ಳು ಅದು," ಎಂದರು.

ಮೊದಲಿಗೆ ಯಾರಿಗೂ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದರು: "ಸುಳ್ಳು ಅದು ಶಿವಮೂರ್ತಪ್ಪ. ನಿಮ್ಮಕ್ಕ ನಿಲ್ತಿದ್ಲು. ಪ್ರತಿ ದೀಪಾವಳಿಗೆ ಬಾಗಿಲ ಮುಂದೆ ಬಂದು ನಿಂತಿದಾಳೆ, ಹದಿನಾಲ್ಕು ವರ್ಷ. ನನ್ನ ಕ್ಯಾಮರಾದಾಗೆ ಫಿಲಂ ಇರಲಿಲ್ಲ. ಖಾಲಿ ಫ್ಲಾಶ್ ಹೊಡೀತಿದ್ದೆ."

"ಅಪ್ಪ, ಕೂತ್ಕ. ಈಗ್ಯಾಕೆ..." ಎಂದ ಸಂಗಮೇಶ.

"ಇಲ್ಲ, ಕೇಳು ನೀನು. ನಿಮ್ಮವ್ವಂಗೆ ಅದು ಗೊತ್ತಿತ್ತಂತೆ. ಮೊದಲ್ನೇ ವರ್ಷದಿಂದ ಗೊತ್ತಿತ್ತಂತೆ. ಗೊತ್ತಿದ್ದೂ ಹೂವು ಮುಡ್ಕೊಂಡು ಬಂದು ನಿಲ್ತಿದ್ಲು. ಅಷ್ಟು ಹೊತ್ತಾದ್ರೂ ಗಂಡ ನನ್ನ ಕಡೆ ನೋಡ್ತಾನೆ ಅಂತ ಓಬಳಮ್ಮನ ಹತ್ರ ಹೇಳಿದಾಳೆ. ನಿಲ್ತಿರಲಿಲ್ಲ ಅಂತ ಮಾತ್ರ ಅನ್ನಬ್ಯಾಡ್ರಿ ಅವಳನ್ನ."

ಪಂಕ್ತಿಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಶಿವಮೂರ್ತಪ್ಪ ಎಲೆಯನ್ನೇ ನೋಡುತ್ತಿದ್ದರು. ಹಿರಿಯ ಜಂಗಮರು, "ಆಯ್ತು, ಎಲ್ಲಾ ಶಿವನ ಇಚ್ಛೆ. ಊಟ ಮಾಡ್ರಿ, ಆರ್ತೈತೆ," ಎಂದ ಮೇಲೆ ಒಬ್ಬೊಬ್ಬರಾಗಿ ಕೈ ಹಚ್ಚಿದರು. ಗಂಗಾಂಬಿಕಾ ಬಂದು ಮಾವನ ತೋಳು ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದಳು. ಸೆರಗಿನಲ್ಲಿ ತನ್ನ ಮುಖ ಒರೆಸಿಕೊಂಡು ಮತ್ತೆ ಬಡಿಸಲು ಹೋದಳು.

ಮೂರು ಗಂಟೆಗೆಲ್ಲ ನೆಂಟರು ಹೊರಟರು. ಶಿವಮೂರ್ತಪ್ಪ ಒಳಗೆ ಬಂದು, "ಬರ್ತೀನಿ ಭಾವ," ಎಂದಷ್ಟೇ ಹೇಳಿ ಹೋದರು. ಎಲೆ ತೆಗೆದಾಯಿತು, ಹಂಡೆ ತೊಳೆದಾಯಿತು. ಮನೆ ದಿನದ ಹಾಗೆ ಸುಮ್ಮನಾಯಿತು.

ಸಂಗಮೇಶ ಎರಡು ತಟ್ಟೆ ಹಿಡಿದು ಒಳಕೋಣೆಗೆ ಬಂದ. ಒಂದನ್ನು ಅಪ್ಪನ ಮುಂದೆ ಇಟ್ಟು, ಇನ್ನೊಂದನ್ನು ಹಿಡಿದು ನೆಲದ ಮೇಲೆ ಕೂತ. ಇಬ್ಬರೂ ಆ ದಿನ ಇನ್ನೂ ಉಂಡಿರಲಿಲ್ಲ.

ಹೋಳಿಗೆ ಆರಿ ಗಟ್ಟಿಯಾಗಿತ್ತು.

"ವರ್ಷಕ್ಕೊಂದ್ಸಲನಾದ್ರೂ ನೋಡ್ತಿದ್ದೆಯಲ್ಲ," ಎಂದ ಸಂಗಮೇಶ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. "ಕ್ಯಾಮರಾದಾಗಿಂದ ನೋಡಿದಾಗ ಅವ್ವ ಹೆಂಗೆ ಕಾಣೋಳು? ಯಾವ ಸೀರೆ ಉಟ್ಟಿರ್ತಿದ್ಲು?"

ಬೊಮ್ಮಲಿಂಗಪ್ಪ ತುತ್ತು ಹಿಡಿದು ಕೂತರು. ಬಾಗಿಲು ನೆನಪಾಯಿತು, ಹೊಸ್ತಿಲ ರಂಗೋಲಿ ನೆನಪಾಯಿತು, ಹೊಸ ಅಂಗಿಯ ಹುಡುಗ ನೆನಪಾದ. ಬೆಳಕು ಬಲಗಡೆಯಿಂದ ಬೀಳುತ್ತಿದ್ದದ್ದೂ ನೆನಪಾಯಿತು. ಅವಳ ಸೀರೆ ನೆನಪಾಗಲಿಲ್ಲ. ಮುಖ ಇನ್ನೇನು ಬಂತು ಎನ್ನುವಾಗ ಜರುಗಿದ ಬಾಯಿಯೇ ಬಂತು.

"ಇಲ್ಲಪ್ಪ," ಎಂದರು. "ನೆನಪಿಗೆ ಬರ್ತಿಲ್ಲ."

ಸಂಗಮೇಶ ಅಪ್ಪನ ಲೋಟಕ್ಕೆ ನೀರು ಹಾಕಿದ.

"ಹಸಿರುದು ಅಪ್ಪ. ಎಲ್ಲಾ ವರ್ಷಾನೂ ಅದೇ," ಎಂದ. "ಅವ್ವಂಗೆ ಅದೊಂದೇ ಇತ್ತು."